ಮುದ್ದೆ ತಿರುವುವ ಮನೆಗೆ ದುಬಾರಿ ಗ್ಯಾಸ್ ಒಲೆ: ಕೊಳ್ಳುವ ಮುಂಚೆ ಏನೇನು ನೋಡಬೇಕು

30-40 ಸಾವಿರ ಕೊಟ್ಟು ಗ್ಯಾಸ್ ಒಲೆ ತರುವ ಯೋಚನೆ ಇದ್ದರೆ ಮೊದಲು ಅಂಗಡಿಗೆ ಹೋಗಬೇಡಿ. ನಿಮ್ಮ ಮನೆಯಲ್ಲಿ ಒಲೆಗೆ ಎಲ್ಲಕ್ಕಿಂತ ಜಾಸ್ತಿ ಕಷ್ಟ ಕೊಡುವ ಅಡುಗೆ ಯಾವುದು ಅಂತ ಯೋಚಿಸಿ. ತುಮಕೂರು, ಶಿರಾ, ಮಧುಗಿರಿ ಕಡೆ ಬಹುತೇಕ ಮನೆಗಳಲ್ಲಿ ಅದು ಮುದ್ದೆ. ಹಿಂದೆಲ್ಲ ಹಿಟ್ಟು ಬೆಂದ ಮೇಲೆ ಪಾತ್ರೆಯನ್ನು ನೆಲಕ್ಕಿಳಿಸಿ, ಕಾಲಲ್ಲಿ ಅದುಮಿ ಹಿಡಿದು ತಿರುವುತ್ತಿದ್ದರು. ಈಗ ನಿಂತೇ ಅಡುಗೆ. ಒಲೆ ಮೇಲೆ ಇಟ್ಟುಕೊಂಡೇ, ಒಂದು ಕೈಯಲ್ಲಿ ಇಕ್ಕಳ ಹಿಡಿದು ಇನ್ನೊಂದು ಕೈಯಲ್ಲಿ ಕೋಲು ಹಾಕಿ, ಮೈಭಾರವೆಲ್ಲ ಬಿಟ್ಟು ತಿರುವುತ್ತೇವೆ. ಆ ಒತ್ತಡ ಕೆಳಕ್ಕೂ ಬೀಳುತ್ತದೆ, ಪಕ್ಕಕ್ಕೂ ಎಳೆಯುತ್ತದೆ. ಶೋರೂಮಿನಲ್ಲಿ ಫಳಫಳ ಅನ್ನುವ ಎಷ್ಟೋ ಒಲೆಗಳನ್ನು ಈ ಕೆಲಸ ಮನಸ್ಸಿನಲ್ಲಿಟ್ಟುಕೊಂಡು ಮಾಡಿರುವುದಿಲ್ಲ.

ಹಾಗಾಗಿ ಅಂಗಡಿಗೆ ಹೋಗುವಾಗ ನಿಮ್ಮ ಮುದ್ದೆ ಪಾತ್ರೆ, ಕೋಲು ಮತ್ತು ಮನೆಯಲ್ಲಿರುವ ಅತಿ ಚಿಕ್ಕ ಕಾಫಿ ಪಾತ್ರೆ ಜೊತೆಗೆ ಒಯ್ಯಿರಿ. ಸಂಕೋಚ ಬೇಡ. ಇಷ್ಟು ದುಡ್ಡು ಕೊಡುವವರು ನೋಡಿಯೇ ಕೊಳ್ಳಬೇಕು, ಅಲ್ವಾ? ಪಾತ್ರೆಯನ್ನು ದೊಡ್ಡ ಬರ್ನರ್ ಮೇಲಿಟ್ಟು, ಕೋಲು ಹಾಕಿ, ಮನೆಯಲ್ಲಿ ತಿರುವುವ ಹಾಗೇ ಜೋರಾಗಿ ತಿರುವಿ. ಆಗ ಪಾತ್ರೆ ಕೆಳಗಿನ ಸ್ಟ್ಯಾಂಡ್ ಕಡೆ ಗಮನ ಇರಲಿ. ತೆಳ್ಳನೆ ಕಡ್ಡಿಯ ಸ್ಟ್ಯಾಂಡ್ ಆದರೆ ಪಾತ್ರೆ ಜೊತೆಗೆ ಅದೂ ಸುತ್ತುತ್ತದೆ, ಇಲ್ಲವೇ ಒಂದು ಕಾಲು ಮೇಲೇಳುತ್ತದೆ. ಎರಕದ ಕಬ್ಬಿಣದ ದಪ್ಪ ಸ್ಟ್ಯಾಂಡ್, ಕಾಲುಗಳು ಕೆಳಗಿನ ಗುಳಿಯಲ್ಲಿ ಗಟ್ಟಿಯಾಗಿ ಕೂರುವಂಥದ್ದು, ಅಲುಗಾಡುವುದಿಲ್ಲ. ಆಮೇಲೆ ಅದೇ ಸ್ಟ್ಯಾಂಡ್ ಮೇಲೆ ಕಾಫಿ ಪಾತ್ರೆ ಇಡಿ. ದೊಡ್ಡ ಪಾತ್ರೆಗೆ ಅಂತ ಮಾಡಿದ ಸ್ಟ್ಯಾಂಡಿನ ನಡುವಿನ ಜಾಗ ಅಗಲವಾಗಿದ್ದರೆ ಚಿಕ್ಕ ಪಾತ್ರೆ ಓಲಾಡುತ್ತದೆ. ಅದಕ್ಕೊಂದು ಸಣ್ಣ ರಿಂಗ್ ಕೊಡುತ್ತಾರಾ ಕೇಳಿ.

ಗ್ಲಾಸ್ ಟಾಪ್ ಬೇಕಾ, ಸ್ಟೀಲ್ ಬೇಕಾ? ಗಾಜು ನೋಡಲು ಚೆಂದ, ಒರೆಸಲು ಸುಲಭ. ಒಲೆಗೆ ಹಾಕುವುದು ಟಫನ್ಡ್ ಗಾಜು. ಮೇಲಿನಿಂದ ಬೀಳುವ ಏಟನ್ನು ಸುಮಾರಾಗಿ ತಡೆಯುತ್ತದೆ, ಆದರೆ ಅಂಚಿಗೆ ಏಟು ಬಿದ್ದರೆ ತಡೆಯುವುದು ಕಷ್ಟ. ಒಡೆದರೆ ಒಂದು ಕಡೆ ಬಿರುಕು ಬಿಟ್ಟು ನಿಲ್ಲುವುದಿಲ್ಲ, ಇಡೀ ಗಾಜು ಒಂದೇ ಸಲ ಚಿಕ್ಕ ಚಿಕ್ಕ ಚೂರಾಗುತ್ತದೆ. ಗಾಜೇ ಬೇಕು ಅನ್ನುವುದಾದರೆ 8 ಮಿ.ಮೀ. ದಪ್ಪದ್ದು ಕೇಳಿ, ಬಿಸಿ ಇರುವಾಗ ಒದ್ದೆ ಬಟ್ಟೆ ಹಾಕುವ ಅಭ್ಯಾಸ ಬಿಡಿ. ದಿನಾ ಮುದ್ದೆ, ವಾರಕ್ಕೊಮ್ಮೆ ದೊಡ್ಡ ಪಾತ್ರೆಯಲ್ಲಿ ಬಸ್ಸಾರು, ಹಬ್ಬ ಬಂದರೆ ಬಾಣಲೆ ತುಂಬಾ ಚಕ್ಕುಲಿ ಅನ್ನುವ ಮನೆಗೆ ನಾನಂತೂ ದಪ್ಪ ಸ್ಟೀಲ್ ಟಾಪನ್ನೇ ಹೇಳುತ್ತೇನೆ. ನಮ್ಮ ಬೋರ್‌ವೆಲ್ ನೀರು ಗಡಸು, ಉಕ್ಕಿ ಬಿದ್ದ ಕಡೆಯೆಲ್ಲ ಬಿಳಿ ಕಲೆ ಉಳಿಯುತ್ತದೆ. ಕಪ್ಪು ಗಾಜಿನ ಮೇಲೆ ಅದು ಇನ್ನೂ ಎದ್ದು ಕಾಣುತ್ತದೆ.

ಇನ್ನು ಬರ್ನರ್. ಇಲ್ಲಿ ನಿಧಾನವಾಗಿ ನೋಡಿ, ಬೆಲೆ ಏರುವುದೂ ಇಲ್ಲೇ. ಒಳ್ಳೆ ಕಂಪನಿಗಳು ಪ್ರತಿ ಬರ್ನರ್‌ನ ಶಾಖವನ್ನು ಕಿಲೋವ್ಯಾಟ್‌ನಲ್ಲಿ ಬರೆದಿರುತ್ತವೆ. ಚಿಕ್ಕದು 1 ರಿಂದ 1.75, ಮಧ್ಯದ್ದು 2.5 ರಿಂದ 3, ಮೂರು ಸುತ್ತು ಉರಿ ಬರುವ ದೊಡ್ಡದು 4 ರಿಂದ 5 ಕಿಲೋವ್ಯಾಟ್ ಆಸುಪಾಸು ಇರುತ್ತದೆ. ವಿದೇಶಿ ಮಾಡೆಲ್‌ಗಳಲ್ಲಿ ಬಿಟಿಯು ಅಂತ ಬರೆದಿದ್ದರೆ ಆ ಸಂಖ್ಯೆಯನ್ನು 3412ರಿಂದ ಭಾಗಿಸಿ. 15,000 ಬಿಟಿಯು ಅಂದರೆ ಸುಮಾರು 4.4 ಕಿಲೋವ್ಯಾಟ್, ಅಷ್ಟೇ. ಮನೆಯ 14.2 ಕೆ.ಜಿ. ಸಿಲಿಂಡರಿನಲ್ಲಿ, ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಹೇಳುವುದಾದರೆ, ಸುಮಾರು 180 ಯೂನಿಟ್‌ನಷ್ಟು (ಕಿಲೋವ್ಯಾಟ್-ಗಂಟೆ) ಶಾಖ ಇರುತ್ತದೆ. 4 ಕಿಲೋವ್ಯಾಟ್ ಬರ್ನರನ್ನು ಪೂರ್ತಿ ಉರಿಯಲ್ಲಿಟ್ಟರೆ ಹೆಚ್ಚುಕಡಿಮೆ 45 ಗಂಟೆಗೆ ಸಿಲಿಂಡರ್ ಖಾಲಿ. ದೊಡ್ಡ ಬರ್ನರ್ ಒಂದಿದ್ದರೆ ಸಾಕು, ಅದನ್ನೂ ದೊಡ್ಡ ಪಾತ್ರೆಗೇ ಇಟ್ಟುಕೊಳ್ಳಿ. ಉರಿ ಪಾತ್ರೆಯ ತಳ ದಾಟಿ ಪಕ್ಕಕ್ಕೆ ಏರಿದರೆ ಆ ಗ್ಯಾಸ್ ಅಡುಗೆಮನೆಯನ್ನು ಬಿಸಿ ಮಾಡುತ್ತದೆಯೇ ಹೊರತು ಸಾರನ್ನಲ್ಲ.

ಐದು ಬರ್ನರ್ ಒಲೆ ಕಂಡರೆ ಎಲ್ಲರಿಗೂ ಆಸೆ. ನನ್ನ ಮಾತು ಕೇಳುವುದಾದರೆ ಮೊದಲು ಟೇಪ್ ಹಿಡಿಯಿರಿ. ಒಂದು ಬರ್ನರ್‌ನ ನಡುವಿನಿಂದ ಪಕ್ಕದ ಬರ್ನರ್‌ನ ನಡುವಿಗೆ ಎಷ್ಟು ದೂರ ಇದೆ ಅಳೆಯಿರಿ. 30 ಸೆಂ.ಮೀ. ಅಗಲದ ಎರಡು ಪಾತ್ರೆ ಅಕ್ಕಪಕ್ಕ ಕೂರಬೇಕಾದರೆ 30ಕ್ಕಿಂತ ಜಾಸ್ತಿ ದೂರ ಬೇಕೇ ಬೇಕು. ಕುಕ್ಕರ್ ಹಿಡಿ, ಕಾವಲಿ ಹಿಡಿ ಬೇರೆ. ಐದು ಬರ್ನರ್ ಇಕ್ಕಟ್ಟಾಗಿ ಕೂರಿಸಿದ ಒಲೆಯಲ್ಲಿ ತಟ್ಟೆ ಇಡ್ಲಿ ಪಾತ್ರೆ ಇಟ್ಟರೆ ಪಕ್ಕದ ಎರಡು ಬರ್ನರ್ ಸುಮ್ನೆ ಕೂತಿರುತ್ತವೆ. ಅಗಲವಾಗಿ ಬಿಡಿಸಿಟ್ಟ ಮೂರು ಬರ್ನರ್ ಒಲೆ ಎಷ್ಟೋ ವಾಸಿ.

ಜಾಸ್ತಿ ಬರ್ನರ್‌ನಲ್ಲಿ ಇನ್ನೊಂದು ತೊಂದರೆ ಇದೆ. ಸಿಲಿಂಡರಿನ ಒಳಗಿನ ಗ್ಯಾಸ್ ದ್ರವವಾಗಿರುತ್ತದೆ. ಅದು ಆವಿಯಾಗಲು ಸುತ್ತಲಿನ ಶಾಖ ಎಳೆದುಕೊಳ್ಳಬೇಕು. ಒಂದೇ ಸಲ ಎಲ್ಲ ಬರ್ನರ್ ಹಚ್ಚಿ ಪೂರ್ತಿ ಉರಿ ಇಟ್ಟರೆ ಸಿಲಿಂಡರ್ ತಣ್ಣಗಾಗುತ್ತಾ ಹೋಗಿ ಉರಿ ಕುಗ್ಗುತ್ತದೆ. ಚಳಿಗಾಲದ ಬೆಳಗ್ಗೆ, ಅದೂ ಸಿಲಿಂಡರ್ ಮುಗಿಯುವ ಹೊತ್ತಿಗೆ, ಇದು ಚೆನ್ನಾಗಿ ಗೊತ್ತಾಗುತ್ತದೆ. ಆಗ ಕೆಲವರು ಹೋಟೆಲಿಗೆ ಹಾಕುವ ಹೈ ಪ್ರೆಶರ್ ರೆಗ್ಯುಲೇಟರ್ ತಂದು ಹಾಕುವ ಸಲಹೆ ಕೊಡುತ್ತಾರೆ. ದಯವಿಟ್ಟು ಬೇಡ. ಮನೆ ಒಲೆಯ ಜೆಟ್ಟು (ಬರ್ನರ್‌ಗೆ ಗ್ಯಾಸ್ ಬಿಡುವ ಸಣ್ಣ ತೂತಿನ ಬಿಡಿಭಾಗ), ವಾಲ್ವು, ಟ್ಯೂಬು ಎಲ್ಲವನ್ನೂ ಸುಮಾರು 30 ಮಿಲಿಬಾರ್ ಒತ್ತಡಕ್ಕೆ ಮಾಡಿರುತ್ತಾರೆ. ಎರಡು ಸಿಲಿಂಡರ್ ಜೋಡಿಸಬೇಕು ಅನ್ನಿಸಿದರೆ ಗ್ಯಾಸ್ ಏಜೆನ್ಸಿಯವರ ಕೈಯಲ್ಲೇ ಮಾಡಿಸಿ.

ಬರ್ನರ್ ಹಿತ್ತಾಳೆಯದ್ದಾ ಅಂತ ಬಾಯಲ್ಲಿ ಕೇಳಿದರೆ ಸಾಲದು, ತೆಗೆದು ಕೈಯಲ್ಲಿ ಹಿಡಿದು ನೋಡಿ. ಎಷ್ಟೋ ಒಲೆಗಳಲ್ಲಿ ಮೇಲಿನ ಮುಚ್ಚಳ ಮಾತ್ರ ಹಿತ್ತಾಳೆ, ಕೆಳಗಿನದ್ದು ಅಲ್ಯುಮಿನಿಯಂ. ಪೂರ್ತಿ ಹಿತ್ತಾಳೆ ಆದರೆ ಕೈಗೆ ಭಾರ ಗೊತ್ತಾಗುತ್ತದೆ. ಉಪ್ಪು ಹುಳಿ ಉಕ್ಕಿ ಬಿದ್ದರೂ ಬೇಗ ಸವೆಯುವುದಿಲ್ಲ, ತೂತುಗಳ ಆಕಾರ ಕೆಡುವುದಿಲ್ಲ. ಹಾಗಂತ ಅಲ್ಯುಮಿನಿಯಂ ಎಲ್ಲ ಕೆಟ್ಟದ್ದು ಅಂತ ಹೇಳಲಾರೆ. ಇಟಲಿಯ ಸಬಾಫ್ ಕಂಪನಿಯ ಬರ್ನರ್‌ಗಳನ್ನು ನಮ್ಮ ಹಲವು ಕಂಪನಿಗಳೂ ಬಳಸುತ್ತವೆ, ಅವುಗಳ ಉರಿ ಸಮವಾಗಿ ಬರುತ್ತದೆ. ಬೆಲೆ ಎಷ್ಟೇ ಇರಲಿ ಐಎಸ್‌ಐ ಗುರುತು ಮತ್ತು ಐಎಸ್ 4246 ಅನ್ನುವ ಸಂಖ್ಯೆ ಹುಡುಕಿ. ಆ ಮಾನದಂಡದ ಪ್ರಕಾರ ಒಲೆಯ ಶಾಖದಲ್ಲಿ ಕನಿಷ್ಠ ಶೇ. 68ರಷ್ಟು ಪಾತ್ರೆಗೆ ಸಿಗಬೇಕು.

ದುಡ್ಡು ಕೊಡುವುದಕ್ಕೆ ನಿಜವಾಗಿ ಯೋಗ್ಯವಾದದ್ದು ಅಂದರೆ ಉರಿ ಆರಿದರೆ ಗ್ಯಾಸ್ ತಾನಾಗೇ ನಿಲ್ಲಿಸುವ ವ್ಯವಸ್ಥೆ. ಎಫ್‌ಎಫ್‌ಡಿ ಅನ್ನುತ್ತಾರೆ. ಆಷಾಢದ ಗಾಳಿ ಕಿಟಕಿಯಿಂದ ನುಗ್ಗಿ ಸಿಮ್‌ನಲ್ಲಿದ್ದ ಉರಿ ಆರುವುದು, ಹಾಲು ಉಕ್ಕಿ ಬರ್ನರ್ ತೊಯ್ದು ಆರುವುದು ಎಲ್ಲರ ಮನೆಯಲ್ಲೂ ಆಗುತ್ತದೆ. ವಯಸ್ಸಾದವರು ಒಬ್ಬರೇ ಅಡುಗೆ ಮಾಡುವ ಮನೆಯಲ್ಲಿ ಅದು ಯಾರಿಗೂ ಗೊತ್ತಾಗದೆ ಗ್ಯಾಸ್ ಸೋರುತ್ತಾ ಇರಬಹುದು. ಬರ್ನರ್ ಪಕ್ಕ ಬಗ್ಗಿ ನೋಡಿ. ಎರಡು ಸಣ್ಣ ಕಡ್ಡಿ ಕಾಣಬೇಕು. ಬಿಳಿ ಪಿಂಗಾಣಿ ಸುತ್ತಿದ್ದು ಕಿಡಿ ಹಾರಿಸುವುದಕ್ಕೆ. ಇನ್ನೊಂದು ಬರೀ ಲೋಹದ್ದು, ಅದೇ ಥರ್ಮೋಕಪಲ್. ಅದರ ತುದಿ ಉರಿಯಲ್ಲಿ ಕಾದರೆ ಕೆಲವು ಮಿಲಿವೋಲ್ಟ್ ವಿದ್ಯುತ್ ಹುಟ್ಟುತ್ತದೆ, ಆ ವಿದ್ಯುತ್ತೇ ವಾಲ್ವನ್ನು ತೆರೆದು ಹಿಡಿದಿರುತ್ತದೆ. ಉರಿ ಆರಿ ತುದಿ ತಣ್ಣಗಾಯಿತೋ, ವಾಲ್ವ್ ಮುಚ್ಚಿಕೊಳ್ಳುತ್ತದೆ. ಈ ಒಲೆಗಳನ್ನು ಹಚ್ಚುವಾಗ ನಾಬನ್ನು ಕೆಲವು ಸೆಕೆಂಡ್ ಒತ್ತಿ ಹಿಡಿಯಬೇಕಾಗುತ್ತದೆ. ಅದು ಕೆಟ್ಟಿದೆ ಅಂತಲ್ಲ, ತುದಿ ಕಾಯಲು ಬೇಕಾದ ಹೊತ್ತು. ಅಂಗಡಿಯಲ್ಲಿ ಗ್ಯಾಸ್ ಹಾಕಿ ತೋರಿಸುವವರಿದ್ದರೆ ಉರಿಯನ್ನು ಆರಿಸಿ ಕಿವಿಗೊಟ್ಟು ಕೇಳಿ. ಸ್ವಲ್ಪ ಹೊತ್ತಿಗೆ ಒಳಗಡೆ 'ಟಕ್' ಅನ್ನುವ ಸಣ್ಣ ಸದ್ದು ಬರುತ್ತದೆ. ಎಲ್ಲ ಬರ್ನರ್‌ಗೂ ಇದು ಇದೆಯಾ, ಒಂದೆರಡಕ್ಕೆ ಮಾತ್ರವಾ ಅನ್ನುವುದನ್ನೂ ಕೇಳಿ. ಕರೆಂಟ್ ಹೋದಾಗ ಲೈಟರ್‌ನಿಂದ ಹಚ್ಚಬಹುದಾ ಅಂತಲೂ ಖಚಿತಪಡಿಸಿಕೊಳ್ಳಿ. ಕಿಡಿಗೆ ಬ್ಯಾಟರಿ ಸೆಲ್ ಹಾಕುವ ಮಾಡೆಲ್ ನಮ್ಮ ಕಡೆಗೆ ಅನುಕೂಲ.

ಅಡುಗೆ ಕಟ್ಟೆಯ ಗ್ರಾನೈಟ್ ಕೊರೆದು ಕೂರಿಸುವ ಹಾಬ್ ತೆಗೆದುಕೊಳ್ಳುವವರು ಒಂದು ಮಾತು ನೆನಪಿಡಿ: ಒಲೆ ಮನೆಗೆ ಬರುವ ತನಕ ಕಲ್ಲಿಗೆ ಮಷಿನ್ ಹಚ್ಚಲು ಬಿಡಬೇಡಿ. ಕೊರೆಯುವ ಅಳತೆ ಕಂಪನಿಗೊಂದು, ಮಾಡೆಲ್‌ಗೊಂದು. ಇಂಟೀರಿಯರ್‌ನವರು ಅಂದಾಜಿನಲ್ಲಿ ಕೊರೆದು ಹೋದರೆ ಆ ಕಿಂಡಿಗೆ ಸರಿಹೋಗುವ ಒಲೆಯನ್ನು ನೀವು ಹುಡುಕುತ್ತಾ ಇರಬೇಕಾಗುತ್ತದೆ. ನನ್ನ ಪರಿಚಯದ ಒಬ್ಬರು ಕೊನೆಗೆ ಇಡೀ ಕಲ್ಲನ್ನೇ ಬದಲಾಯಿಸಿದರು. ಇನ್ನೂ ಮನಸ್ಸು ಗಟ್ಟಿಯಾಗಿಲ್ಲದಿದ್ದರೆ ಹಾಬ್‌ಟಾಪ್ ಸಿಗುತ್ತದೆ, ಕಟ್ಟೆ ಮೇಲೆ ಇಟ್ಟೂ ಬಳಸಬಹುದು, ಮುಂದೆ ಕೊರೆದೂ ಕೂರಿಸಬಹುದು. ಕಟ್ಟೆಯ ಎತ್ತರವನ್ನೂ ಲೆಕ್ಕ ಹಾಕಿ. ಮುದ್ದೆ ತಿರುವುವವರಿಗೆ ಪಾತ್ರೆ ಸೊಂಟದ ಮಟ್ಟಕ್ಕಿದ್ದರೆ ತೋಳಿಗೆ ಬಲ ಸಿಗುತ್ತದೆ. ಎತ್ತರದ ಕಟ್ಟೆ ಮೇಲೆ ಎತ್ತರದ ಒಲೆ ಇಟ್ಟರೆ ಭುಜ ನೋಯುತ್ತದೆ, ಆ ದೃಷ್ಟಿಯಿಂದ ಹಾಬ್ ಒಳ್ಳೆಯದೇ. ಚಿಮಣಿ ಹಾಕಿಸುವವರು ಒಲೆಯಿಂದ 26 ರಿಂದ 30 ಇಂಚು ಮೇಲೆ ಹಾಕಿಸಿ, ಅಗಲ ಒಲೆಗಿಂತ ಕಡಿಮೆ ಬೇಡ.

ಕೆಳಗೆ ಓವನ್ ಇರುವ ದೊಡ್ಡ ಕುಕಿಂಗ್ ರೇಂಜ್ ಬೇಕಾ? ಕೆಜಿಎಫ್ ಕಡೆ ಆಂಗ್ಲೋ ಇಂಡಿಯನ್ ಮನೆಗಳಂತೆ ಕ್ರಿಸ್‌ಮಸ್‌ಗೆ ಮನೆಯಲ್ಲೇ ಕೇಕ್ ಬೇಯಿಸುವ ರೂಢಿ ಇದ್ದರೆ ಖಂಡಿತ ತೆಗೆದುಕೊಳ್ಳಿ. ವರ್ಷಕ್ಕೊಮ್ಮೆ ಬಿಸ್ಕತ್ತಿಗೆ ಅಂತಾದರೆ ಬೇರೆ ಕರೆಂಟ್ ಓವನ್ ಸಾಕು. ಅಮೆರಿಕದಲ್ಲಿರುವ ಮಗಳೋ ಅಳಿಯನೋ ಅಲ್ಲಿಂದಲೇ ರೇಂಜ್ ಕಳಿಸುತ್ತೇನೆ ಅಂದರೆ ಪ್ರೀತಿಯಿಂದಲೇ ಬೇಡ ಅನ್ನಿ. ಅಲ್ಲಿ ಸಾಮಾನ್ಯವಾಗಿ ನ್ಯಾಚುರಲ್ ಗ್ಯಾಸ್ ಜೆಟ್ ಹಾಕಿರುತ್ತಾರೆ, ಅದರ ತೂತು ದೊಡ್ಡದು. ಅಷ್ಟೇ ಅಳತೆಯ ನ್ಯಾಚುರಲ್ ಗ್ಯಾಸಿಗೆ ಹೋಲಿಸಿದರೆ ನಮ್ಮ ಎಲ್‌ಪಿಜಿಯಲ್ಲಿ ಸುಮಾರು ಎರಡೂವರೆ ಪಟ್ಟು ಶಾಖ ಇರುತ್ತದೆ. ಜೆಟ್ ಬದಲಿಸದೆ ಹಚ್ಚಿದರೆ ಉರಿ ಅಪಾಯಕ್ಕೆ ಏರುತ್ತದೆ. ಕರೆಂಟ್ ಅಲ್ಲಿ 120 ವೋಲ್ಟ್, ಇಲ್ಲಿ 230.

ಜೆಟ್ ವಿಷಯ ಇಲ್ಲಿನವರಿಗೂ ಬೇಕು. ತುಮಕೂರಿನ ಕೆಲವು ಬಡಾವಣೆಗಳಿಗೆ ಪೈಪ್ ಗ್ಯಾಸ್ ಬಂದಿದೆ, ಅದೂ ನ್ಯಾಚುರಲ್ ಗ್ಯಾಸೇ. ನಿಮ್ಮ ಬೀದಿಗೂ ಬರುವ ಹಾಗಿದ್ದರೆ, ಈಗ ಕೊಳ್ಳುವ ಒಲೆಗೆ ಆ ಜೆಟ್ ಸೆಟ್ ಸಿಗುತ್ತದಾ, ಬದಲಿಸಿ ಕೊಡುವವರು ಯಾರು ಅಂತ ಬಿಲ್ ಹಾಕಿಸುವ ಮುಂಚೆಯೇ ಕೇಳಿ.

ದುಬಾರಿ ಒಲೆಗೆ ಎಲ್ಲಕ್ಕಿಂತ ದೊಡ್ಡ ತಲೆನೋವು ಸರ್ವಿಸ್. ಬೆಂಗಳೂರು ಇಲ್ಲಿಂದ 70 ಕಿ.ಮೀ. ಅಷ್ಟೇ, ಆದರೂ ಮೆಕ್ಯಾನಿಕ್ ಬರುವುದಕ್ಕೆ ವಾರ ಹಿಡಿಯಬಹುದು. ಕೊಳ್ಳುವ ಮೊದಲೇ ಆ ಕಂಪನಿಯ ಸರ್ವಿಸ್ ನಂಬರಿಗೆ ನೀವೇ ಫೋನ್ ಮಾಡಿ. ತುಮಕೂರಿಗೆ ಯಾರು ಬರುತ್ತಾರೆ, ಬರುವುದಕ್ಕೆ ಎಷ್ಟು ತೆಗೆದುಕೊಳ್ಳುತ್ತಾರೆ, ಥರ್ಮೋಕಪಲ್ ಮತ್ತು ಬರ್ನರ್ ಮುಚ್ಚಳ ಬಿಡಿಯಾಗಿ ಸಿಗುತ್ತವಾ ಅಂತ ಕೇಳಿ. ಆ ಫೋನಿನಲ್ಲಿ ಸಿಗುವ ಉತ್ತರ ಸರಿ ಇಲ್ಲದಿದ್ದರೆ ಒಲೆ ಎಷ್ಟೇ ಚೆನ್ನಾಗಿರಲಿ, ಬಿಟ್ಟುಬಿಡಿ.

ಕೂರಿಸುವ ದಿನ ನೀವೇ ಮುಂದೆ ನಿಂತುಕೊಳ್ಳಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಹತ್ತಿರ ನಿಲ್ಲುತ್ತದೆ. ಸಿಲಿಂಡರ್ ಇಡುವ ಕಪಾಟಿನ ಬಾಗಿಲಿನ ಕೆಳಭಾಗದಲ್ಲಿ ಗಾಳಿ ಆಡಲು ಕಿಂಡಿ ಇರಲೇಬೇಕು. ಐಎಸ್‌ಐ ಗುರುತಿನ ಸುರಕ್ಷಾ ಟ್ಯೂಬನ್ನೇ ಹಾಕಿಸಿ, ಒಂದೂವರೆ ಮೀಟರ್‌ಗಿಂತ ಉದ್ದ ಬೇಡ, 5 ವರ್ಷಕ್ಕೆ ಬದಲಿಸಿ. ಜೋಡಣೆಯ ಪ್ರತಿ ಕಡೆಗೂ ಸೋಪಿನ ನೀರು ಹಚ್ಚಿಸಿ ಗುಳ್ಳೆ ಬರುತ್ತದಾ ನೋಡಿ. ಉರಿ ನೀಲಿಯಾಗಿರಬೇಕು, ಹಳದಿ ತುದಿ ಕಂಡರೆ ಗಾಳಿ ಹೊಂದಿಸಿ ಕೊಡಲು ಹೇಳಿ. ಸಿಮ್ ಉರಿ ಜಾಸ್ತಿ ಅನ್ನಿಸಿದರೆ ನಾಬ್ ಕೆಳಗಿನ ಸಣ್ಣ ಸ್ಕ್ರೂನಲ್ಲಿ ತಗ್ಗಿಸಬಹುದು, ಅದನ್ನು ಅವರ ಕೈಯಲ್ಲೇ ಮಾಡಿಸಿ, ಹಾಲಿಟ್ಟು ಪರೀಕ್ಷಿಸಿ. ಗ್ಯಾಸ್ ಸೋರಿಕೆಗೆ ಕರೆ ಮಾಡುವ 1906 ನಂಬರನ್ನು ಮನೆಯವರೆಲ್ಲರ ಫೋನಿಗೂ ಹಾಕಿ. ವಾರಂಟಿ ಕಾರ್ಡಿನಲ್ಲಿ ಅಂಗಡಿಯ ಸೀಲು, ದಿನಾಂಕ, ಮಾಡೆಲ್ ನಂಬರ್ ಮೂರೂ ಇವೆಯಾ ಅಂತ ಅವರು ಹೊರಡುವ ಮುಂಚೆಯೇ ನೋಡಿಕೊಳ್ಳಿ.