ಸಾಯ್ ಕುಂಗ್‌ಗೆ ಹೋಗೋದಾದ್ರೆ ಮೊದ್ಲು ಇಳಿತದ ಟೈಮ್ ನೋಡ್ಕೊಳ್ಳಿ

ಹಾಂಗ್‌ಕಾಂಗ್ ಅಂದ್ರೆ ನಮ್ಮೋರಿಗೆ ಎತ್ತರದ ಬಿಲ್ಡಿಂಗು, ಡಿಸ್ನಿಲ್ಯಾಂಡು, ಶಾಪಿಂಗು, ಅಷ್ಟೇ. ಅಲ್ಲಿನ ನೆಲದಲ್ಲಿ ಹತ್ರ ಹತ್ರ 40 ಪರ್ಸೆಂಟ್ ಕಂಟ್ರಿ ಪಾರ್ಕು, ಅಂದ್ರೆ ಕಾಪಾಡಿಟ್ಟಿರೋ ಕಾಡು-ಬೆಟ್ಟ, ಅಂದ್ರೆ ಯಾರೂ ನಂಬಲ್ಲ. ಪೂರ್ವ ಕಡೆ ಇರೋ ಸಾಯ್ ಕುಂಗ್‌ಗೆ ಅಲ್ಲಿಯವರು 'ಹಾಂಗ್‌ಕಾಂಗ್‌ನ ಹಿತ್ಲು' ಅಂತಾನೇ ಕರೀತಾರೆ, ಬೆಟ್ಟ, ಬೀಚು, ಸಣ್ಣ ಸಣ್ಣ ದ್ವೀಪ ಎಲ್ಲಾ ಒಂದೇ ಕಡೆ. ಆದ್ರೆ ಅಲ್ಲಿ ಜಾಗ ಫಿಕ್ಸ್ ಮಾಡಿ ಆಮೇಲೆ ದಿನ ಹುಡ್ಕೋದು ತಪ್ಪು, ಉಲ್ಟಾ ಮಾಡ್ಬೇಕು. ಅವತ್ತು ಯಾವ ವಾರ, ಸಮುದ್ರ ಇಳಿಯೋದು ಎಷ್ಟೊತ್ತಿಗೆ, ಹವಾ ಹೇಗಿದೆ, ಈ ಮೂರು ನೋಡ್ಕೊಂಡು ಎಲ್ಲಿಗೆ ಅಂತ ಡಿಸೈಡ್ ಮಾಡಿ.

ಹೋಗೋದು ಕಷ್ಟ ಇಲ್ಲ. ಡೈಮಂಡ್ ಹಿಲ್ ಸ್ಟೇಷನ್ನಿಂದ 92 ನಂಬರ್ ಬಸ್ಸು, ಇಲ್ಲಾ ಚೋಯ್ ಹುಂಗ್‌ನಿಂದ 1ಎ ಹಸಿರು ಮಿನಿಬಸ್ಸು, ಎರಡೂ ಸಾಯ್ ಕುಂಗ್ ಪೇಟೆಗೇ ಬಿಡ್ತವೆ. ಬಸ್ಸು, ಟ್ರೇನಿಗೆಲ್ಲಾ ನಡೆಯೋ ಆಕ್ಟೋಪಸ್ ಕಾರ್ಡಲ್ಲಿ ದುಡ್ಡು ಹಾಕ್ಸಿಟ್ಕೊಳ್ಳಿ, ಮಿನಿಬಸ್ಸಲ್ಲಿ ಚಿಲ್ರೆ ವಾಪಸ್ ಕೊಡಲ್ಲ. ಇಂಡಿಯನ್ ಪಾಸ್‌ಪೋರ್ಟ್ ಇರೋರು ಹೊರಡೋ ಮುಂಚೆ ಆನ್‌ಲೈನಲ್ಲಿ ಪ್ರೀ ಅರೈವಲ್ ರಿಜಿಸ್ಟ್ರೇಷನ್ ಮಾಡ್ಸಿರ್ಬೇಕು, ಇದು ಮರೆತ್ರೆ ಉಳಿದಿದ್ದು ಓದೋದೇ ವೇಸ್ಟು.

ಇಳಿತ ಮಧ್ಯಾಹ್ನದ ಹೊತ್ತಿಗೆ ಬೀಳೋ ದಿನ ಸಿಕ್ರೆ ಶಾರ್ಪ್ ಐಲ್ಯಾಂಡ್‌ಗೆ ಹೋಗಿ. ಪೇಟೆ ಪಿಯರ್‌ನಿಂದ ಕೈಟೋ ಅಂತ ಸಣ್ಣ ಬೋಟುಗಳು ಹೋಗ್ತಾ ಇರ್ತವೆ, ಹೋಗಿಬರೋದಕ್ಕೆ ಒಂದೇ ಟಿಕೆಟ್ಟು, ಆ ಚೀಟಿ ಕಳ್ಕೋಬೇಡಿ ಯಾಕಂದ್ರೆ ವಾಪಸ್ ಬರೋವಾಗ ಅದೇ ಬೋಟಿನವರ ಹತ್ರಾನೇ ಹತ್ಬೇಕು. ದ್ವೀಪದಲ್ಲಿ ಇಳಿಯೋ ಜಾಗ ಎರಡಿವೆ, ಹ್ಯಾಪ್ ಮುನ್ ಬೇ ಅನ್ನೋದು ಬರೀ ಬೀಚು, ನೀವು ಕಿಯು ಟಾವ್ ಅಂತ ಕೇಳಿ ಹತ್ತಿ. ಅಲ್ಲಿ ಸಮುದ್ರ ಇಳಿದಾಗ ಕಲ್ಲಿನ ದಾರಿಯೊಂದು ಮೇಲೆದ್ದು ಎದುರಿನ ಪುಟ್ಟ ದ್ವೀಪಕ್ಕೆ ನಡ್ಕೊಂಡೇ ಹೋಗ್ಬಹುದು. ಎರಡು ಕಡೆಯಿಂದ ಬರೋ ಅಲೆ ದ್ವೀಪದ ಹಿಂದೆ ಒಂದಕ್ಕೊಂದು ಸೇರೋ ಜಾಗದಲ್ಲಿ ಕಲ್ಲು ಮರಳು ತಂದು ಹಾಕಿ ಹಾಕಿ ಆಗಿರೋ ದಾರಿ ಅದು. ಅದರ ಮೇಲೆ ದೊಡ್ಡ ಗುಂಡುಕಲ್ಲುಗಳ ಮೈಯೆಲ್ಲಾ ಬಿರುಕು ಬಿಟ್ಟು ಥೇಟ್ ಬೇಕರಿ ಬನ್ನಿನ ಥರ ಕಾಣ್ತವೆ, ಅಲ್ಲಿಯವರು ಅದಕ್ಕೆ ಪೈನಾಪಲ್ ಬನ್ ಕಲ್ಲು ಅಂತಾನೇ ಹೇಳ್ತಾರೆ. ಹಾಂಗ್‌ಕಾಂಗ್ ಅಬ್ಸರ್ವೇಟರಿ ವೆಬ್‌ಸೈಟಲ್ಲಿ ಉಬ್ಬರ ಇಳಿತದ ಟೈಮ್ ಗಂಟೆ ಗಂಟೆಗೂ ಇರುತ್ತೆ, ತೀರಾ ಕೆಳಗಿಳಿಯೋ ಹೊತ್ತಿಗಿಂತ ಒಂದೂವರೆ ಗಂಟೆ ಮುಂಚೆ ಅಲ್ಲಿರಿ, ನೀರು ತಿರುಗಿದ ತಕ್ಷಣ ವಾಪಸ್ ಹೊರಡಿ. ನಾನು ಇನ್ನೊಂದು ಫೋಟೋ ಇನ್ನೊಂದು ಫೋಟೋ ಅಂತ ನಿಂತು ಮೊಣಕಾಲವರೆಗೆ ನೀರಲ್ಲಿ ಜಾರೋ ಕಲ್ಲು ದಾಟ್ಕೊಂಡು ಬಂದಿದೀನಿ, ನಗು ಬರೋ ವಿಷ್ಯ ಅಲ್ಲ, ಆ ಕಲ್ಲಿಗೆ ಅಂಟಿರೋ ಚಿಪ್ಪು ಬ್ಲೇಡಿದ್ದಂಗೆ ಇರ್ತವೆ. ಚಪ್ಪಲಿ ಬೇಡ, ಶೂ ಹಾಕ್ಕೊಳ್ಳಿ.

ಭಾನುವಾರ ಅಥವಾ ಸರ್ಕಾರಿ ರಜೆ ಸಿಕ್ಕಿದ್ರೆ ಹೈ ಐಲ್ಯಾಂಡ್ ಜಲಾಶಯದ ಈಸ್ಟ್ ಡ್ಯಾಮ್‌ಗೆ ಹೋಗಿ. ಖಾಸಗಿ ಕಾರು ಕಂಟ್ರಿ ಪಾರ್ಕಿನ ಪಾಕ್ ಟಾಮ್ ಚುಂಗ್ ಗೇಟಿಂದ ಆಚೆ ಪರ್ಮಿಟ್ ಇಲ್ದೆ ಬಿಡಲ್ಲ, ಟ್ಯಾಕ್ಸಿ ಬಿಡ್ತಾರೆ. ರಜೆ ದಿನ ಆದ್ರೆ ಆ ಗೇಟಿಂದ 9ಎ ಮಿನಿಬಸ್ಸು ಸಿಗುತ್ತೆ, ಬಾಕಿ ದಿನ ಅದನ್ನ ನಂಬ್ಕೊಂಡು ಹೋಗಿ ಬಿಸಿಲಲ್ಲಿ ಸುಮಾರು 9 ಕಿಮೀ ಟಾರು ರೋಡು ನಡೀಬೇಡಿ. ಪೇಟೆಯಿಂದ ಗೇಟಿಗೆ 94 ನಂಬರ್ ಬಸ್ಸು.

ಈ ಡ್ಯಾಮಿನ ಕಥೇನೇ ಚೆನ್ನಾಗಿದೆ. ಕುಡಿಯೋ ನೀರಿಗೆ ಪರದಾಡ್ತಿದ್ದ ಊರು, ಅದಕ್ಕೆ ದ್ವೀಪಕ್ಕೂ ದಡಕ್ಕೂ ಮಧ್ಯ ಇದ್ದ ಸಮುದ್ರದ ಕಾಲುವೆಯನ್ನೇ ಎರಡೂ ಕಡೆ ಅಡ್ಡ ಕಟ್ಟಿ, ಉಪ್ಪುನೀರು ಪಂಪ್ ಮಾಡಿ ಆಚೆ ಹಾಕಿ, 1978ರಲ್ಲಿ ಸಿಹಿನೀರಿನ ಹೈ ಐಲ್ಯಾಂಡ್ ಜಲಾಶಯ ಮುಗಿಸಿದ್ರು. ಸಮುದ್ರದ ಕಡೆ ಅಲೆ ಹೊಡೆತ ತಡೆಯೋಕೆ ಹಾಕಿರೋ ಕಾಂಕ್ರೀಟ್ ಮುಳ್ಳುಗಳು ಒಂದೊಂದೂ 25 ಟನ್. ಅದನ್ನ ದಾಟಿ ಕೆಳಗಿಳಿದ್ರೆ ಆರು ಮೂಲೆಯ ಕಲ್ಲಿನ ಕಂಬಗಳ ಗೋಡೆ, ಕೆಲವು ಕಡೆ ಕಂಬ ನೆಟ್ಟಗಿರದೆ ಎಸ್ ಅಕ್ಷರದ ಥರ ಬಾಗಿವೆ. ನಮ್ಮ ಮಲ್ಪೆಯ ಸೇಂಟ್ ಮೇರೀಸ್ ದ್ವೀಪ ನೋಡಿದೋರು 'ಇದು ಗೊತ್ತು ಬಿಡಿ' ಅನ್ಬಹುದು, ಆದ್ರೆ ಇದು ಸುಮಾರು 14 ಕೋಟಿ ವರ್ಷ ಹಳೇದು, ಹರಿದ ಲಾವಾ ಅಲ್ಲ, ಜ್ವಾಲಾಮುಖಿಯ ಬೂದಿ ದಪ್ಪಗೆ ಬಿದ್ದು ನಿಧಾನಕ್ಕೆ ಆರಿ ಬಿರಿದಿದ್ದು, ಒಂದೊಂದು ಕಂಬದ ಅಗಲ ಸರಾಸರಿ 1.2 ಮೀಟರ್. ಮಲ್ಪೆಯಲ್ಲಿ ಕಂಬದ ಮೇಲೆ ಹತ್ತಿ ಕೂತ್ಕೋಬಹುದು, ಇಲ್ಲಿ ಕತ್ತೆತ್ತಿ ನೋಡ್ಬೇಕು. ಇದೆಲ್ಲಾ ಯುನೆಸ್ಕೋ ಜಿಯೋಪಾರ್ಕ್, ಅಂದ್ರೆ ಅಪರೂಪದ ಕಲ್ಲು-ನೆಲ ಕಾಪಾಡೋ ಜಾಗ, ಕಲ್ಲಿನ ಚೂರೂ ಜೇಬಿಗೆ ಹಾಕ್ಬೇಡಿ.

ಕಾಲಲ್ಲಿ ಕಸುವಿದ್ರೆ ಅಲ್ಲಿಂದ ಮುಂದಕ್ಕೆ ನಡೀರಿ. 100 ಕಿಮೀ ಉದ್ದದ ಮ್ಯಾಕ್‌ಲಿಹೋಸ್ ಟ್ರೇಲ್ ಇಲ್ಲೇ ಹಾದು ಹೋಗುತ್ತೆ. ಮೊದ್ಲು ಲಾಂಗ್ ಕೆ ಬೀಚು, ಆಮೇಲೆ ನೆರಳೇ ಇಲ್ದಿರೋ 314 ಮೀಟರ್ ಸಾಯ್ ವಾನ್ ಗುಡ್ಡ, ಹತ್ತೋವಾಗ ಬೈಕೊಂಡು ಹತ್ತಿದ್ರೂ ಮೇಲಿಂದ ನೋಡ್ದಾಗ ಬಾಯಿ ಮುಚ್ಚುತ್ತೆ, ಎದುರಿಗೆ ಟಾಯ್ ಲಾಂಗ್ ವಾನ್‌ನ ಬಿಳಿ ಬೀಚುಗಳು ಸಾಲಾಗಿ. ಆ ಹೆಸರಿಗೆ ಅರ್ಥಾನೇ ದೊಡ್ಡ ಅಲೆಯ ಕೊಲ್ಲಿ ಅಂತ, ಲೈಫ್‌ಗಾರ್ಡ್ ಇಲ್ಲ, ಒಳಗೆ ಎಳೆಯೋ ಸೆಳೆತ ಇದೆ, ಈಜು ಬರುತ್ತೆ ಅನ್ನೋ ಧೈರ್ಯದಲ್ಲಿ ದೂರ ಹೋಗ್ಬೇಡಿ. ಸಾಕಾಯ್ತು ಅಂದ್ರೆ ಗುಡ್ಡ ಇಳಿದ್ರೆ ಸಿಗೋ ಸಾಯ್ ವಾನ್ ಬೀಚಿಂದ ಸ್ಪೀಡ್‌ಬೋಟ್ ಹಿಡಿದು ಪೇಟೆಗೆ ಬರ್ಬಹುದು, ಅದು ಸಮುದ್ರ ಶಾಂತ ಇದ್ರೆ ಮಾತ್ರ. ಲಾಂಗ್ ಕೆಯಿಂದ ಪಾಕ್ ಟಾಮ್ ಆವ್ ಬಸ್ ಸ್ಟಾಪ್‌ಗೆ ಪೂರ್ತಿ ನಡೆದ್ರೆ 13.5 ಕಿಮೀ, ಬೆಳಿಗ್ಗೆ ಒಂಬತ್ತರ ಒಳಗೆ ಶುರು ಮಾಡದಿದ್ರೆ ನನ್ನ ಕೇಳಿದ್ರೆ ಬೇಡವೇ ಬೇಡ. ಟ್ರೇಲಲ್ಲಿ ಕಸದ ಡಬ್ಬಿ 2017ರಲ್ಲೇ ತೆಗೆದುಬಿಟ್ಟಿದಾರೆ, ಪ್ಲಾಸ್ಟಿಕ್ ಬ್ಯಾಗಲ್ಲೇ ವಾಪಸ್. ಕಾಡುಹಂದಿ ಬಂದ್ರೆ ಬಿಸ್ಕತ್ತು ಎಸೀಬೇಡಿ, ಸಿಕ್ಕಿಬಿದ್ರೆ ಸ್ಥಳದಲ್ಲೇ 5,000 ಹಾಂಗ್‌ಕಾಂಗ್ ಡಾಲರ್ ದಂಡ.

ಗುಡ್ಡ ಬೇಡ, ವಯಸ್ಸಾದೋರು ಜೊತೆಗಿದಾರೆ ಅಂದ್ರೆ ಯಿಮ್ ಟಿನ್ ಟ್ಸಾಯ್ ದ್ವೀಪ. 1890ರ ಪುಟ್ಟ ಚರ್ಚು, ಮತ್ತೆ ಶುರು ಮಾಡಿರೋ ಉಪ್ಪಿನ ಗದ್ದೆ, ಅರ್ಧ ದಿನ ಆರಾಮಾಗಿ ಹೋಗುತ್ತೆ.

ಹವಾ ವಿಷ್ಯಕ್ಕೆ ಬಂದ್ರೆ ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಬೆಸ್ಟು, ಒಣ ಹವೆ, ದೂರದವರೆಗೂ ಕಾಣುತ್ತೆ. ಮೇ ಇಂದ ಸೆಪ್ಟೆಂಬರ್ ಬೆವರಿನ ಸ್ನಾನ, ಮೇಲೆ ಟೈಫೂನ್ ಬೇರೆ. 3ನೇ ನಂಬರ್ ಟೈಫೂನ್ ಎಚ್ಚರಿಕೆ ಸಿಗ್ನಲ್ ಬಂತು ಅಂದ್ರೆ ಬೋಟು, ಬೀಚು ಮರೆತುಬಿಡಿ, 8 ಅಂದ್ರೆ ಬಸ್ಸೂ ಒಂದೊಂದೇ ನಿಲ್ಲುತ್ತೆ, ರೂಮಲ್ಲೇ ಇರಿ. ಇನ್ನೊಂದು, ಟ್ರೇಲಲ್ಲಿ ಪ್ರತಿ 500 ಮೀಟರ್‌ಗೂ 'ಎಂ' ಅಂತ ಶುರುವಾಗೋ ನಂಬರಿನ ಕಂಬ ಇದೆ, ದಾಟಿದಾಗೆಲ್ಲಾ ಒಂದು ಫೋಟೋ ಹೊಡ್ಕೊಳ್ಳಿ, ಕಾಲು ಉಳುಕಿ ಅಲ್ಲಿನ ತುರ್ತು ನಂಬರ್ 999ಗೆ ಫೋನ್ ಮಾಡ್ದಾಗ ಊರಿನ ಹೆಸರು ಬಾಯಲ್ಲಿ ತಿರುಗಲ್ಲ, ಆ ನಂಬರ್ ಹೇಳಿದ್ರೆ ಸಾಕು.