ಹಳೇ ತಾಮ್ರದ ಕೇಬಲ್‌ನಲ್ಲೇ ಟ್ರಾಫಿಕ್ ನೆಟ್‌ವರ್ಕ್: ನನ್ನ ಅನುಭವ

ಸಿಗ್ನಲ್‌ಗಳಲ್ಲಿ ಕ್ಯಾಮೆರಾ ಬೇಕು ಅಂದ ಕೂಡಲೇ ರಸ್ತೆ ಅಗೆದು ಫೈಬರ್ ಎಳೆಯುವ ಮಾತು ಶುರುವಾಗುತ್ತದೆ. ನಾನು ಮೊದಲು ನೋಡುವುದು ನೆಲದೊಳಗೆ ಈಗಾಗಲೇ ಇರುವ ತಾಮ್ರದ ಕೇಬಲ್ಲನ್ನು. ಅದನ್ನು ಅಳೆದು ನೋಡದೆ ಕೈಬಿಡುವುದು ತಪ್ಪು ಅಂತಲೇ ನನ್ನ ಅಭಿಪ್ರಾಯ.

ಈ ಕೇಬಲ್ಲಿನೊಳಗೆ ತಂತಿಗಳನ್ನು ಎರಡೆರಡಾಗಿ ಸುರುಳಿ ಸುತ್ತಿರುತ್ತಾರೆ. ಆ ಜೋಡಿ ತಂತಿಗಳಲ್ಲಿ ಹಿಂದೆ ಓಡುತ್ತಿದ್ದದ್ದು ಸೆಕೆಂಡಿಗೆ 1200 ಬಿಟ್‌ನ ಮೋಡೆಮ್. ಹಸಿರು-ಕೆಂಪಿನ ಸಮಯ ಹೊಂದಿಸಲು ಅಷ್ಟು ಸಾಕಿತ್ತು. ಆದರೆ ಒಂದು ಕ್ಯಾಮೆರಾಗೇ ಕೆಲವು ಎಂಬಿಪಿಎಸ್ (ಸೆಕೆಂಡಿಗೆ ಹತ್ತು ಲಕ್ಷ ಬಿಟ್) ಬೇಕು. ತಾಮ್ರದ ತಂತಿಯಲ್ಲೇ ಆ ವೇಗ ಪಡೆಯಲು ನಾನು ಎರಡು ಬಗೆಯ ಮೋಡೆಮ್ ತಂತ್ರಜ್ಞಾನ ಬಳಸುತ್ತೇನೆ. ವಿಡಿಎಸ್ಎಲ್2 ಕೆಲವು ನೂರು ಮೀಟರ್ ಒಳಗಾದರೆ 100 ಎಂಬಿಪಿಎಸ್ ಹತ್ತಿರ ಕೊಡುತ್ತದೆ, ದೂರ ಹೆಚ್ಚಿದಂತೆ ವೇಗ ಬೇಗ ಕುಸಿಯುತ್ತದೆ. ಎಸ್‌ಎಚ್‌ಡಿಎಸ್ಎಲ್ ಒಂದು ಜೋಡಿಯಲ್ಲಿ ಸುಮಾರು 5.7 ಎಂಬಿಪಿಎಸ್ ಅಷ್ಟೇ, ಆದರೆ ದೂರ ಹೋಗುತ್ತದೆ. ಹಾಗಾಗಿ ಹತ್ತಿರದ ಸಿಗ್ನಲ್‌ಗಳ ನಡುವೆ ಮೊದಲನೆಯದು, ದೂರದ ಒಂಟಿ ಸಿಗ್ನಲ್‌ಗೆ ಎರಡನೆಯದು.

ಹೊಸ ಮೋಡೆಮ್‌ನ ಪೆಟ್ಟಿಗೆ ಕೂರಿಸುವುದು ಸುಲಭ. ಕೆಲಸವೆಲ್ಲ ಕೇಬಲ್‌ನಲ್ಲೇ. ಆ ತುದಿಯಲ್ಲಿ ಜೋಡಿಯನ್ನು ಶಾರ್ಟ್ ಮಾಡಿ, ಈ ತುದಿಯಲ್ಲಿ ಮೀಟರ್ ಹಿಡಿಯುತ್ತೇನೆ. 0.9 ಮಿಲಿಮೀಟರ್ ತಂತಿಯಾದರೆ ಹೋಗಿ ಬರಲು ಕಿಲೋಮೀಟರಿಗೆ ಸುಮಾರು 54 ಓಮ್ ತೋರಿಸಬೇಕು. ನಕ್ಷೆಯಲ್ಲಿರುವ ಉದ್ದಕ್ಕೆ ಹೋಲಿಸಿದರೆ ಜಾಸ್ತಿ ಬಂತೋ, ಎಲ್ಲೋ ಜಾಯಿಂಟ್ ಕೆಟ್ಟಿದೆ. ಹೀಗೆ ಹುಡುಕಿಕೊಂಡು ಹೋಗಿ ಒಂದು ಗುಂಡಿಯ ಮುಚ್ಚಳ ತೆಗೆದಾಗ, ತಂತಿಯ ತುದಿಗಳಿಗೆಲ್ಲ ಕಿಲುಬು ಹಿಡಿದಿತ್ತು. ಜೋಡಿಗಳ ಸುರುಳಿಯನ್ನೂ ಗೇಣುದ್ದ ಬಿಚ್ಚಿಬಿಟ್ಟಿದ್ದರು. ತುದಿ ಕತ್ತರಿಸಿ, ಸುರುಳಿಯನ್ನು ಜಾಯಿಂಟ್‌ವರೆಗೂ ಉಳಿಸಿಕೊಂಡು, ನೀರು ಹೋಗದ ಹಾಗೆ ಜೆಲ್ ಕನೆಕ್ಟರ್ ಹಾಕಿದೆವು. ಅದಾದ ಮೇಲೆ ಅದೇ ಜೋಡಿಯಲ್ಲಿ ಲಿಂಕ್ ಬೀಳುವುದು ನಿಂತಿತು.

ಇನ್ನೊಂದು ಮುಖ್ಯ ವಿಷಯ ಕವಲುಗಳದ್ದು. ಹಳೇ ಪದ್ಧತಿಯಲ್ಲಿ ಒಂದೇ ಜೋಡಿಯಿಂದ ಕವಲು ತೆಗೆದು, ಸಿಗ್ನಲ್ ದೀಪಗಳನ್ನು ನಡೆಸುವ ಹಲವು ಕಂಟ್ರೋಲರ್‌ಗಳನ್ನು ಸೇರಿಸಿರುತ್ತಾರೆ. 1200 ಬಿಟ್‌ಗೆ ಅದರಿಂದ ತೊಂದರೆಯಿಲ್ಲ. ವಿಡಿಎಸ್ಎಲ್‌ಗೆ ಮಾತ್ರ ಅದು ಆಗಿಬರುವುದಿಲ್ಲ: ಅಲೆ ಕವಲಿನ ತುದಿಗೆ ಹೋಗಿ ವಾಪಸ್ ಬಂದು ಮುಖ್ಯ ಅಲೆಯನ್ನೇ ಕೆಲವು ಆವರ್ತನಗಳಲ್ಲಿ ನುಂಗಿಬಿಡುತ್ತದೆ. ಆದ್ದರಿಂದ ಸಿಗ್ನಲ್ ಪಕ್ಕದ ಪ್ರತಿ ಕ್ಯಾಬಿನೆಟ್‌ನಲ್ಲೂ ಜೋಡಿಯನ್ನು ತುಂಡರಿಸಿ, ಒಂದು ಸಿಗ್ನಲ್‌ನಿಂದ ಮುಂದಿನದಕ್ಕೆ ಅಂತ ಕೊಂಡಿ ಕೊಂಡಿಯಾಗಿ ಜೋಡಿಸುತ್ತೇನೆ. ಕೆಲಸ ಮುಗಿಯುವವರೆಗೆ ಹಳೇ ಮೋಡೆಮ್ ಬೇರೆ ಜೋಡಿಯಲ್ಲಿ ಓಡುತ್ತಿರಬೇಕು. ಸಿಗ್ನಲ್‌ಗಳ ಹೊಂದಾಣಿಕೆ ಒಂದು ಗಂಟೆ ತಪ್ಪಿದರೂ ರಸ್ತೆಯಲ್ಲಿ ಜನ ಪರದಾಡುತ್ತಾರೆ ಅಲ್ವಾ?

ಸಿಡಿಲಿನಂಥ ವಿದ್ಯುತ್ ಆಘಾತ ತಡೆಯುವ ಹಳೇ ಸರ್ಜ್ ಪ್ರೊಟೆಕ್ಟರ್‌ಗಳನ್ನೂ ಬದಲಾಯಿಸಿ. ಕಡಿಮೆ ವೇಗಕ್ಕೆ ಅಂತ ಮಾಡಿದವುಗಳ ಕೆಪಾಸಿಟೆನ್ಸ್ (ವಿದ್ಯುತ್ ಚಾರ್ಜ್ ಹಿಡಿದಿಡುವ ಗುಣ) ಜಾಸ್ತಿ, ವೇಗವನ್ನು ಅವೇ ತಿಂದುಬಿಡುತ್ತವೆ.

ದಿಕ್ಕನ್ನೂ ಗಮನಿಸಬೇಕು. ವಿಡಿಎಸ್ಎಲ್ ಸಾಮಾನ್ಯವಾಗಿ ಟೆಲಿಫೋನ್ ಎಕ್ಸ್‌ಚೇಂಜ್ ಕಡೆಯಿಂದ ಮನೆಯ ಕಡೆಗೆ ಜಾಸ್ತಿ ವೇಗ ಕೊಡುತ್ತದೆ. ಕ್ಯಾಮೆರಾದ ಚಿತ್ರ ಬರುವುದು ರಸ್ತೆಯಿಂದ ಕಂಟ್ರೋಲ್ ರೂಮಿಗೆ. ಹಾಗಾಗಿ ಎಕ್ಸ್‌ಚೇಂಜ್ ಕಡೆಯ ಸೆಟ್ಟಿಂಗ್ ಇರುವ ಪೆಟ್ಟಿಗೆಯನ್ನು ಕ್ಯಾಮೆರಾ ಕಡೆಗೇ ಇಡುತ್ತೇನೆ. ಒಂದು ಕೇಬಲ್‌ನ ಎಲ್ಲ ಜೋಡಿಗಳಿಗೂ ಇದೇ ದಿಕ್ಕು. ಇಲ್ಲವಾದರೆ ಪಕ್ಕದ ಜೋಡಿಯ ಗದ್ದಲ ಇದಕ್ಕೆ ಸೇರುತ್ತದೆ.

ವೇಗವನ್ನು ಗರಿಷ್ಠಕ್ಕೆ ಬಿಡಬೇಡಿ. 50 ಎಂಬಿಪಿಎಸ್ ಸಿಗುವ ಕಡೆ 30ಕ್ಕೆ ಕಟ್ಟಿಹಾಕಿದರೆ ನಾಯ್ಸ್ ಮಾರ್ಜಿನ್, ಅಂದರೆ ಲಿಂಕ್ ಬೀಳದೆ ತಡೆದುಕೊಳ್ಳಬಲ್ಲ ಹೆಚ್ಚುವರಿ ಗದ್ದಲದ ಅಳತೆ, ಹೆಚ್ಚುತ್ತದೆ. ಸುಮ್ನೆ ಒಣ ದಿನದಲ್ಲಿ ನೋಡಿ ಸಹಿ ಹಾಕದೆ, ಜೋರು ಮಳೆ ಬಿದ್ದ ಮಾರನೇ ದಿನ ಮತ್ತೆ ಮಾರ್ಜಿನ್ ನೋಡಿ. 6 ಡೆಸಿಬೆಲ್‌ಗಿಂತ ಕೆಳಗಿಳಿದ ಕೊಂಡಿ ಇದ್ದರೆ ಆ ಭಾಗದ ಗುಂಡಿಗಳನ್ನು ಇನ್ನೊಮ್ಮೆ ತೆಗೆಯಲೇಬೇಕು.