ಸ್ಟವಾಂಗರ್ ಗಾಳೀಲಿ ನಮ್ಮ ಹ್ಯಾಲೋವೀನ್: ನನ್ನ ಅನುಭವ

ಅಕ್ಟೋಬರ್ 31ಕ್ಕೆ ಮಕ್ಕಳು ದೆವ್ವ-ಗಿವ್ವದ ವೇಷ ಹಾಕಿ ಮನೆಮನೆಗೆ ಮಿಠಾಯಿ ಕೇಳ್ಕೊಂಡು ಬರೋ ಹ್ಯಾಲೋವೀನ್‌ನಲ್ಲಿ ಮೂರು ವರ್ಷ ನಗೆಪಾಟಲಾಗಿ ನಾಲ್ಕನೇ ವರ್ಷ ಗೆದ್ದೆ, ಅದಕ್ಕೇ ಬರೀತಿದೀನಿ. ನಾರ್ವೆಯ ಸ್ಟವಾಂಗರ್ ಹತ್ರ ಸಾಲುಮನೆ ಬಡಾವಣೆ ನಮ್ದು, ಇಪ್ಪತ್ತೆರಡೋ ಇಪ್ಪತ್ಮೂರೋ ಮನೆ. ಕುಂಬಳಕಾಯಿ ಕೊರೆಯೋದು ನಿಮಗೆಲ್ಲ ಬರತ್ತೆ, ಅದನ್ನ ಬಿಡ್ತೀನಿ.

ಮೊದಲ್ನೇ ವರ್ಷ ಹತ್ತು ದಿನ ಮುಂಚೇನೇ ಕೊರೆದು ಕಿಟಕಿ ಒಳಗಡೆ ಇಟ್ಟೆ, ಕೆಳಗೆ ಹೀಟರ್ ಇದ್ದಿದ್ದು ತಲೇಗೇ ಹೋಗ್ಲಿಲ್ಲ. ಐದನೇ ದಿನಕ್ಕೆ ಬೂಷ್ಟು, ಆರನೇ ದಿನಕ್ಕೆ ಹಲ್ಲುಸೆಟ್ ತೆಗೆದಿಟ್ಟ ಅಜ್ಜನ ಥರ ಬಾಯಿ ಒಳಗೆ ಹೋಯ್ತು. "ಈಗ್ಲೇ ಚೆನ್ನಾಗಿ ಹೆದರಿಸ್ತಿದೆ, ಬಿಡಿ" ಅಂದ್ಲು ನಮ್ಮನೆಯವಳು. ಎರಡನೇ ವರ್ಷ ಹಿಂದಿನ ದಿನ ಕೊರೆದೆ, ಆದ್ರೆ ಇಲ್ಲಿ ಮಳೆ ಅಡ್ಡಡ್ಡ ಬೀಳತ್ತಲ್ಲ, ಒಳಗಿಟ್ಟ ಟೀ ಲೈಟ್ ಮೇಣದಬತ್ತಿ ಒಂದೂ ನಿಲ್ಲಲಿಲ್ಲ, ಮಗನ ರಟ್ಟಿನ ರೋಬೋಟ್ ವೇಷ ಮೂರನೇ ಮನೆಗೆ ಹೋಗೋಷ್ಟ್ರಲ್ಲಿ ಅಂಬಲಿ. ಮೂರನೇ ವರ್ಷ ರೊಚ್ಚಿಗೆದ್ದು ದುಡ್ಡು ಸುರಿದೆ: ಮಿಠಾಯಿಗೆ ಸುಮಾರು 1,200 ಕ್ರೋನ, ಹೊಗೆ ಮಷಿನ್‌ಗೆ 500 ಚಿಲ್ರೆ. ಹೊಗೆಯೆಲ್ಲ ಪಕ್ಕದ ಮನೆ ಒಳಗೆ ನುಗ್ಗಿ ಅವರ ಅಲಾರ್ಮ್ ಹೊಡ್ಕೊಳ್ತು. ಬಂದ ಮಕ್ಕಳು ಏಳು.

ಅಸಲಿ ತೊಂದ್ರೆ ಗಾಳಿ ಅಲ್ಲ. ಇದು ಅಮೆರಿಕದ ವ್ಯಾಪಾರ ಅಂತ ಅರ್ಧ ಮನೆಯವರು ಲೈಟ್ ಆರಿಸಿ ಕೂತ್ಕೊಳ್ತಿದ್ರು, ಯಾವ ಬಾಗಿಲು ತಟ್ಬೇಕೋ ಮಕ್ಕಳಿಗೆ ಗೊತ್ತಾಗ್ತಿರ್ಲಿಲ್ಲ. ಎದುರುಮನೆ ಅಜ್ಜಿ ಅಂತೂ "ನಮಗೆ ಯೂಲೆಬುಕ್ ಇದೆಯಲ್ಲ, ಇದ್ಯಾಕೆ" ಅಂದ್ರು. ಕ್ರಿಸ್‌ಮಸ್ ಆದ್ಮೇಲೆ ಹೊಸ ವರ್ಷದೊಳಗೆ ಮಕ್ಕಳು ಮುಖವಾಡ ಹಾಕ್ಕೊಂಡು ಮನೆಮನೆಗೆ ಹೋಗಿ ಹಾಡಿ ತಿಂಡಿ ಇಸ್ಕೊಳ್ಳೋ ಹಳೇ ಪದ್ಧತಿ ಅದು. ಅಜ್ಜಿ, ಇದೂ ಅದೇ ತಾನೆ, ಎರಡು ತಿಂಗಳು ಬೇಗ ಬಂದಿದೆ ಅಷ್ಟೆ, ಅಂದೆ. ನಕ್ಕುಬಿಟ್ರು. ಅಲ್ಲೇ ದಾರಿ ಸಿಕ್ತು.

ನಾಲ್ಕನೇ ವರ್ಷ ಇದನ್ನ ದುಗ್ನಾದ್ ಮಾಡ್ದೆ, ಅಂದ್ರೆ ಎಲ್ಲರೂ ಸೇರಿ ಪುಕ್ಕಟೆ ಕೈಜೋಡಿಸೋ ಕೆಲಸ. ಆ ಪದ ಹೇಳಿದ್ರೆ ಇಲ್ಲಿ ಯಾರೂ ಇಲ್ಲ ಅನ್ನಲ್ಲ! ಮನೆಗೆ ನೂರು ಕ್ರೋನ ವಿಪ್ಸ್ (ಫೋನಲ್ಲೇ ದುಡ್ಡು ಕಳಿಸೋ ಇಲ್ಲಿಯ ಆ್ಯಪ್), ಮಿಠಾಯಿ ಒಟ್ಟಿಗೆ ಖರೀದಿ, ಸಂಜೆ ಐದರಿಂದ ಏಳು, ಹೊರಗೆ ದೀಪ ಇದ್ದ ಮನೆಗೆ ಮಾತ್ರ ಹೋಗೋದು. "ಕ್ನಾಸ್ಕ್ ಎಲ್ಲರ್ ಕ್ನೇಪ್" (ಮಿಠಾಯಿ ಕೊಡಿ, ಇಲ್ಲಾಂದ್ರೆ ತರಲೆ) ಅಂತ ಕೂಗಿದ್ರೆ ಸಾಲದು, ಯೂಲೆಬುಕ್ ಥರ ಒಂದು ಹಾಡು ಹೇಳ್ಬೇಕು, ಇದು ಅಜ್ಜಿ ಷರತ್ತು. ವೇಷದ ಒಳಗೆ ಉಲ್ಲನ್, ಮೇಲೆ ಬೆಳಕು ಬಿದ್ರೆ ಹೊಳೆಯೋ ರಿಫ್ಲೆಕ್ಸ್ ಪಟ್ಟಿ. ಮಿನುಗೋ ದೆವ್ವ ಎಲ್ಲಾದ್ರೂ ಉಂಟಾ ಅಂತ ಮಗ ಮುನಿಸ್ಕೊಂಡ.

ದೀಪಕ್ಕೆ ಕುಂಬಳಕಾಯಿ ಬಿಟ್ಟು ಕೋಲ್‌ರೂಟ್ ಅನ್ನೋ ದಪ್ಪ ಗೆಡ್ಡೆ ತಗೊಂಡೆ. ಐರ್ಲೆಂಡ್‌ನಲ್ಲೂ ಮೊದಲು ಗೆಡ್ಡೇನೇ ಕೊರೀತಿದ್ದಿದ್ದು. ಅಗ್ಗ, ಭಾರ, ಗಾಳಿಗೆ ಅಲ್ಲಾಡಲ್ಲ. ಆದ್ರೆ ಕಲ್ಲು ಸ್ವಾಮಿ, ಎರಡು ಚಮಚ ಬಗ್ಗಿತು, ಕೊನೆಗೆ ಡ್ರಿಲ್‌ಗೆ ಹೋಲ್ ಸಾ ಹಾಕಿ ತೆಗೆದೆ. ಬಿಸಿಯಾದ್ರೆ ಬೆಂದ ಎಲೆಕೋಸಿನ ವಾಸನೆ ಬರತ್ತೆ, ಅನುಭವಿಸಿ. ಗಾಳಿಗೆ ದೀಪ ಆರದ ಹಾಗೆ ತೂತು ಎಲ್ಲಿ, ಎಷ್ಟು ಅನ್ನೋದು ಮಾತ್ರ ಹೇಳಲ್ಲ, ಹದಿನೆಂಟು ಗೆಡ್ಡೆ ಹಾಳು ಮಾಡಿ ಕಲ್ತಿದ್ದು. ಆ ರಾತ್ರಿ ಮೂವತ್ತರಲ್ಲಿ ಎರಡೋ ಮೂರೋ ಆರಿದ್ವು ಅಷ್ಟೆ. ಮಕ್ಕಳು ನಲವತ್ತರ ಮೇಲೆ.

ಒಂದೇ ಒಂದು ಕುಂಬಳಕಾಯಿ ಕೊರೆದೆ, ನಮ್ಮೂರ ದೃಷ್ಟಿಬೊಂಬೆ ಥರ, ಹುರಿ ಮೀಸೆ, ಚಾಚಿದ ನಾಲಗೆ. ಎಲ್ಲರೂ ಫೋಟೋ ತೆಗೆದಿದ್ದು ಅದರದ್ದೇ. ತಿರುಳಿಂದ ಪಲ್ಯ ಮಾಡಕ್ಕೆ ಹೋಗ್ಬೇಡಿ, ಬರೀ ನೀರು.

ಇನ್ನೊಂದು ತರಲೆ: ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದು ಕೆಳಗೆ ನಾರ್ವೇಜಿಯನ್‌ನಲ್ಲಿ ಅದನ್ನೇ ಬರೆದಿದ್ದೆ. ನಮ್ಮ ದೆವ್ವ ಓದ್ಕೊಂಡು ವಾಪಸ್ ಹೋಗತ್ತೆ. ಇಲ್ಲಿಯವರು ಮಾತಿನಂತೆ ನಡೆಯೋ ಜನ, ನವೆಂಬರ್ 1ರ ಸಂಜೆ ನಾಲ್ಕು ಮಕ್ಕಳು ಅದೇ ವೇಷದಲ್ಲಿ ಬಾಗಿಲಲ್ಲಿ! ಮಿಠಾಯಿ ಖಾಲಿ. ದೀಪಾವಳಿಗೆ ಕರೆದಿದ್ದ ಚಕ್ಕುಲಿ ಕೊಟ್ಟೆ, ಇಬ್ಬರು ಇನ್ನೊಂದು ಕೇಳಿದ್ರು.